ಗಾಡಿ ನಿಲ್ಲಿಸುವ ಜಾಗಕ್ಕೂ ವಿದ್ಯುತ್ತಿನ ಲೆಕ್ಕ

ಮಕ್ಕಳೇ, ಪೆಟ್ರೋಲ್ ಬಂಕಿನಲ್ಲಿ ಒಂದು ಸ್ಕೂಟರ್ ಎಷ್ಟು ಹೊತ್ತು ನಿಲ್ಲುತ್ತದೆ? ಹೆಚ್ಚೆಂದರೆ ಐದು ನಿಮಿಷ. ವಿದ್ಯುತ್ ವಾಹನ ಹಾಗಲ್ಲ. ಮನೆಯ ಪ್ಲಗ್ಗಿಗೆ ಹಾಕಿದರೆ ಅದರ ಬ್ಯಾಟರಿ ತುಂಬಲು ಗಂಟೆಗಟ್ಟಲೆ ಬೇಕು. ಆದ್ದರಿಂದ ಗಾಡಿ ಹೇಗೂ ನಿಂತಿರುವ ಜಾಗದಲ್ಲೇ, ಅಂದರೆ ಮನೆ, ಕಚೇರಿ, ಅಂಗಡಿಗಳ ಬಳಿಯೇ ಚಾರ್ಜ್ ಮಾಡುವುದು ಅನುಕೂಲ. ಹೀಗಾಗಿ ವಾಹನ ನಿಲುಗಡೆಯ ನಿಯಮದೊಳಕ್ಕೆ ವಿದ್ಯುತ್ತೂ ಬಂದು ಸೇರಿಕೊಂಡಿತು.

ಕರ್ನಾಟಕ ಸರ್ಕಾರ 2017ರಲ್ಲಿಯೇ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. 2019ರಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ತನ್ನ ಮಾದರಿ ಕಟ್ಟಡ ಉಪವಿಧಿಗಳಿಗೆ ತಿದ್ದುಪಡಿ ತಂದಿತು. ಅದರ ಪ್ರಕಾರ ಕಟ್ಟಡದಲ್ಲಿ ನಿಲ್ಲಬಹುದಾದ ವಾಹನಗಳ ಪೈಕಿ ಶೇಕಡ 20ರಷ್ಟಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು. ‘ಮಾದರಿ’ ಎಂಬ ಪದವನ್ನು ಗಮನಿಸಿ. ದೆಹಲಿಯಲ್ಲಿ ಬರೆದ ಮಾತ್ರಕ್ಕೆ ಅದು ನಮ್ಮ ಪಟ್ಟಣದ ನಿಯಮವಾಗುವುದಿಲ್ಲ. ರಾಜ್ಯ ಸರ್ಕಾರವೂ ಸ್ಥಳೀಯ ಆಡಳಿತವೂ ತಮ್ಮ ಉಪವಿಧಿಗಳಲ್ಲಿ ಅಳವಡಿಸಿಕೊಂಡರೆ ಮಾತ್ರ ಜಾರಿಗೆ ಬರುತ್ತದೆ. ಆಗ ಪ್ರಮಾಣ ಬದಲಾಗಲೂಬಹುದು.

ಆ ತಿದ್ದುಪಡಿಯಲ್ಲಿ ಇನ್ನೊಂದು ಮಾತಿದೆ. ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಎಲ್ಲ ಚಾರ್ಜರುಗಳೂ ಒಟ್ಟಿಗೆ ಕೆಲಸ ಮಾಡಿದರೆ ಎಷ್ಟು ವಿದ್ಯುತ್ ಬೇಕೋ ಅದರ 1.25 ಪಟ್ಟು ಸಾಮರ್ಥ್ಯವನ್ನು ಕಟ್ಟಡಕ್ಕೆ ಹೆಚ್ಚುವರಿಯಾಗಿ ಒದಗಿಸಬೇಕು. ಲೆಕ್ಕ ಮಾಡೋಣ. 50 ಕಾರು ನಿಲ್ಲುವ ಕಟ್ಟಡದಲ್ಲಿ 10 ಚಾರ್ಜರುಗಳು. ಒಂದೊಂದೂ 3.3 ಕಿಲೋವಾಟ್ ಎಂದರೆ ಒಟ್ಟು 33 ಕಿಲೋವಾಟ್. 1.25ರಿಂದ ಗುಣಿಸಿದರೆ 41.25 ಕಿಲೋವಾಟ್!

ಇಷ್ಟೇಕೆ ಎಚ್ಚರ? 75 ವಾಟ್‌ನ ಒಂದು ಫ್ಯಾನನ್ನು ನೆನೆಯಿರಿ. ಒಂದು ಕಾರಿನ 3,300 ವಾಟ್ ಎಂದರೆ ಅಂಥ 44 ಫ್ಯಾನುಗಳು ಒಮ್ಮೆಗೇ ತಿರುಗಿದಂತೆ. ತಂತಿಯಲ್ಲಿ ಪ್ರವಾಹ ಎರಡು ಪಟ್ಟಾದರೆ ಹುಟ್ಟುವ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಒಂದೇ ಫ್ಯಾನಿಗೆ ಸಾಲುವ ತೆಳು ತಂತಿಗೆ ಕಾರನ್ನು ಜೋಡಿಸಿದರೆ? 44ನ್ನು 44ರಿಂದಲೇ ಗುಣಿಸಿ. ಹತ್ತಿರಹತ್ತಿರ 1,900 ಪಟ್ಟು ಶಾಖ! ತಂತಿಯ ಪ್ಲಾಸ್ಟಿಕ್ ಹೊದಿಕೆ ಕರಗಿ ಬೆಂಕಿ ಹತ್ತಿಕೊಳ್ಳಬಹುದು. ಮಹಡಿಯ ಕಿಟಕಿಯಿಂದ ತಂತಿ ಇಳಿಬಿಟ್ಟು ಗಾಡಿ ಚಾರ್ಜ್ ಮಾಡುವುದನ್ನು ನೀವು ಕಂಡಿರಬಹುದು. ಅಲ್ಲಿರುವ ಅಪಾಯ ಇದೇ. ಕಟ್ಟಡ ಕಟ್ಟುವಾಗಲೇ ದಪ್ಪ ತಂತಿ, ಭೂಸಂಪರ್ಕ, ಪ್ರವಾಹ ಮಿತಿಮೀರಿದರೆ ತಾನೇ ಕಡಿತಗೊಳಿಸುವ ಸ್ವಿಚ್ಚು ಹಾಕಿಸಿದರೆ ಕೆಲಸ ಸುಲಭ. ಆಮೇಲೆ ಗೋಡೆ ಒಡೆಯುವುದು ದುಬಾರಿ.

ಅಂದಹಾಗೆ, ಚಾರ್ಜರಿನ ಎದುರು ಪೆಟ್ರೋಲ್ ಕಾರು ತಂದು ನಿಲ್ಲಿಸಿದರೆ ಈ ಸಿದ್ಧತೆಯೆಲ್ಲ ವ್ಯರ್ಥ. ಅದಕ್ಕೇ ಅಂಥ ಜಾಗಕ್ಕೆ ಬೇರೆ ಬಣ್ಣ ಬಳಿದು ಗುರುತು ಮಾಡುವುದುಂಟು.

ನೀವೇ ಮಾಡಿ: ನಿಮ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ ಎಷ್ಟು ಸ್ಕೂಟರುಗಳು ನಿಲ್ಲಬಹುದೆಂದು ಎಣಿಸಿ. ಅದರ ಶೇಕಡ 20ರಷ್ಟು ಎಷ್ಟು? ಒಂದು ಸ್ಕೂಟರಿನ ಚಾರ್ಜರಿಗೆ 750 ವಾಟ್ ಎಂದಿಟ್ಟುಕೊಂಡು, 1.25 ಪಟ್ಟಿನ ನಿಯಮದಂತೆ ಎಷ್ಟು ಕಿಲೋವಾಟ್ ಬೇಕೆಂದು ಲೆಕ್ಕ ಹಾಕಿ. ಪ್ಲಗ್ಗು, ತಂತಿಗಳನ್ನು ಮಾತ್ರ ಮುಟ್ಟಬೇಡಿ.