ಚೀಟಿ ಎತ್ತಿದ ಊರು

ಹಕ್ಕಿ ನೋಡಲು ಹೋಗುವುದೆಂದರೆ ನನಗೆ ಬಹಳ ವರ್ಷ ಬೋನಾಳ ಕೆರೆಯೇ. ಸುರಪುರದ ಪಾಮನಾಯಕ ಅರಸರು ಕಟ್ಟಿಸಿದ ಕೆರೆ, ಈಗ ಪಕ್ಷಿಧಾಮ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತು ಕಂಡಿತೆಂದರೆ ದಿನ ಸಾರ್ಥಕ. ಆದರೆ ಶಹಾಪುರದ ಸುತ್ತಲಿನ ಹೊಲಗಳಲ್ಲಿ ಯಾವ ಹಕ್ಕಿ ಇವೆ ಎಂದು ಯಾರಾದರೂ ಕೇಳಿದರೆ ಕಾಗೆ, ಗುಬ್ಬಿ, ಬೆಳ್ಳಕ್ಕಿಯ ಆಚೆಗೆ ನನ್ನ ಬಾಯಿಂದ ಹೆಸರು ಹೊರಡುತ್ತಿರಲಿಲ್ಲ.

ಅದಕ್ಕೇ ಒಂದು ಆಟ ಹೂಡಿದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಇಪ್ಪತ್ತು ಚೀಟಿ: ಸಗರ, ಗೋಗಿ, ಶಿರವಾಳ, ದೋರನಹಳ್ಳಿ, ಹತ್ತಿಗೂಡೂರು... ಭಾನುವಾರ ಬೆಳಿಗ್ಗೆ ಒಂದನ್ನು ಎತ್ತುವುದು, ಬಸ್ಸಿಳಿದು ಹತ್ತು ನಿಮಿಷ ನಡೆಯುವುದು, ನಿಂತಲ್ಲೇ ಅರ್ಧ ಗಂಟೆ ನೋಡುವುದು.

ಎರಡನೇ ವಾರವೇ ನನಗೆ ನಾನೇ ಮೋಸ ಮಾಡಿಕೊಂಡೆ. ಬಂದ ಚೀಟಿಯ ಊರಿನಲ್ಲಿ ಬರೀ ಎರಿ ಹೊಲ ಎಂದು ಮಡಚಿ ಡಬ್ಬಿಗೇ ಹಾಕಿ, ಕಾಲುವೆ ಇರುವ ಊರು ಬರುವವರೆಗೆ ಎತ್ತಿದೆ. ನಾರಾಯಣಪುರದ ನೀರು ಹರಿಯುವ ಕಡೆ ಭತ್ತದ ಗದ್ದೆ, ಟ್ರ್ಯಾಕ್ಟರಿನ ಹಿಂದೆ ಸಾಲುಗಟ್ಟಿದ ಬೆಳ್ಳಕ್ಕಿ, ಬೋನಾಳದ ಪಟ್ಟಿಯದೇ ಇನ್ನೊಂದು ಪ್ರತಿ. ಚೀಟಿಗೆ ಬಿಟ್ಟಿದ್ದರೆ ತಾನೆ ನನ್ನ ಕಣ್ಣಿನ ಚಾಳಿ ತಪ್ಪುವುದು!

ಮಾರ್ಚ್ ಕೊನೆಯಲ್ಲಿ, ಅಂದು ಮಡಚಿ ಹಾಕಿದ್ದ ಎರಿ ಹೊಲದ ಊರಿನ ಚೀಟಿಯೇ ಮತ್ತೆ ಬಂತು. ಈ ಸಲ ಹೋದೆ. ಹತ್ತಿ ಕಟ್ಟಿಗೆ ಕಿತ್ತ ಹೊಲ, ನೆಲವೆಲ್ಲ ಬಿರುಕು. ದುರ್ಬೀನು ಹಿಡಿದು ನಿಂತವನನ್ನು ಕುರಿ ಕಾಯುವ ಹಿರಿಯರೊಬ್ಬರು ಬಹಳ ಹೊತ್ತು ಅಳೆದರು. “ಜಮೀನ ಅಳೀಲಾಕ ಬಂದೀರೇನ್ರಿ?” ಹಕ್ಕಿ ನೋಡಲು ಎಂದೆ. ನಂಬಲಿಲ್ಲ. ದುರ್ಬೀನು ಅವರ ಕೈಗೇ ಕೊಟ್ಟೆ. ಮೊದಲು ತಮ್ಮ ಕುರಿಗಳನ್ನೇ ನೋಡಿ ನಕ್ಕರು. ಅಂದಿನಿಂದ ಊರಿಗೆ ಹೋದರೆ ಮೊದಲು ಮಾತು, ಆಮೇಲೆ ದುರ್ಬೀನು.

ಇಪ್ಪತ್ತು ನಿಮಿಷವಾದರೂ ಏನೂ ಕಾಣಲಿಲ್ಲ. ಪುಸ್ತಕದಲ್ಲಿ ‘ಏನೂ ಇಲ್ಲ’ ಎಂದು ಬರೆದು ಹೆಜ್ಜೆ ಎತ್ತಿದೆ. “ಕಾಲ್ ನೋಡಿ ಇಡ್ರಿ ಸರ, ತತ್ತಿ ಅವ!”

ನನ್ನ ಚಪ್ಪಲಿಯಿಂದ ಗೇಣು ದೂರದಲ್ಲಿ ನಾಲ್ಕು ತತ್ತಿ. ಗೂಡೆಂಬುದೇ ಇಲ್ಲ, ಕೆರೆದ ನೆಲವಷ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕೆ, ನಾಲ್ಕರ ಚೂಪು ತುದಿಯೂ ಒಳಮುಖ. ದೂರ ಸರಿದು ಕುಳಿತೆವು. ಬಂದದ್ದು ಹಳದಿ ಟಿಟ್ಟಿಭ: ಹಾರಿ ಅಲ್ಲ, ನಡೆದು, ನಿಂತು, ಮತ್ತೆ ನಡೆದು. ಬಿಸಿಲು ಏರಿದರೆ ಈ ಹಕ್ಕಿ ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ತತ್ತಿ ತಂಪು ಮಾಡುತ್ತದೆ. ಅಂದರೆ ನಾನು ನಿಂತಷ್ಟೂ ಹೊತ್ತು ಅದು ದೂರದಲ್ಲಿ ಕಾಯುತ್ತಿತ್ತು, ತತ್ತಿ ಬಿಸಿಲಲ್ಲಿ ಕಾಯುತ್ತಿದ್ದವು. ಗೂಡು ಹಾಕುವ ಕಾಲದಲ್ಲಿ ಅರ್ಧ ಗಂಟೆ ಎಂಬ ನನ್ನ ನಿಯಮ ಅಂದೇ ಮುರಿಯಿತು; ಹಕ್ಕಿ ಕೂಗಿ ಸುತ್ತತೊಡಗಿದರೆ ಈಗ ಜಾಗ ಬಿಡುತ್ತೇನೆ.

ಹಿರಿಯರು ಒಂದು ಜಾಲಿ ಕೊಂಬೆ ತಂದು ಪಕ್ಕದಲ್ಲಿ ಒಗೆದರು, ಕುರಿ ತುಳಿಯದಿರಲೆಂದು.

ಪುಸ್ತಕದ ಆ ಸಾಲನ್ನು ಹೊಡೆದುಹಾಕಿಲ್ಲ. ಆದರೆ ಅಲ್ಲಿಂದ ಮುಂದೆ ‘ಏನೂ ಇಲ್ಲ’ ಎಂದು ಬರೆದಿಲ್ಲ. ‘ನನಗೆ ಕಾಣಲಿಲ್ಲ’ ಎಂದು ಬರೆಯುತ್ತೇನೆ.