ಸುದ್ದಿಯನ್ನು ಪರಿಶೋಧಿಸುವದು: ಭಾನುವಾರದ ಶಾಲೆಗೆ ಒಂದು ಪಾಠ

ಓದತಕ್ಕ ವಾಕ್ಯಗಳು: ವಿಮೋಚನಕಾಂಡ 23:1; ಜ್ಞಾನೋಕ್ತಿ 18:13, 17; ಅಪೊಸ್ತಲರ ಕೃತ್ಯಗಳು 17:10-12.



2023ನೆಯ ಇಸವಿ ಅಕ್ಟೋಬರ್ 1ನೆಯ ತಾರೀಖು ಭಾನುವಾರ ಶಿವಮೊಗ್ಗದ ರಾಗಿಗುಡ್ಡದಲ್ಲಿ ಈದ್ ಮಿಲಾದ್ ಮೆರವಣಿಗೆಯ ಸಮಯದಲ್ಲಿ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಹೊರಟದ್ದನ್ನು ನೀವು ಬಲ್ಲಿರಿ. ಕಲ್ಲು ಬಿದ್ದದ್ದು ಒಂದು ಬಡಾವಣೆಯಲ್ಲಿ; ಅದರ ವರ್ತಮಾನವಾದರೋ ಊರೂರಿಗೆ ಹಬ್ಬಿ, ಹೋದಹೋದಲ್ಲಿ ಬೆಳೆಯಿತು. ವದಂತಿಗಳಿಗೆ ಕಿವಿಗೊಡಬಾರದೆಂದು ಪೊಲೀಸರು ಜನರನ್ನು ಕೇಳಿಕೊಳ್ಳಬೇಕಾಯಿತು.

ಆ ರಾತ್ರಿ ನನ್ನ ಮೊಬೈಲಿಗೂ ಒಂದು ಧ್ವನಿಸಂದೇಶ ಬಂತು. ಮಾತಾಡಿದವನ ಹೆಸರಿಲ್ಲ, ಊರಿಲ್ಲ. ಆದರೂ ಎಚ್ಚರಿಸುವದು ನನ್ನ ಕರ್ತವ್ಯವೆಂದೆಣಿಸಿ ಅದನ್ನು ಸಭೆಯ ವಾಟ್ಸಾಪ್ ಗುಂಪಿಗೆ ಕಳುಹಿಸಿದೆನು. ಮರುದಿವಸ ಒಬ್ಬ ಹುಡುಗನು ಬಂದು, “ಅಯ್ಯನವರೇ, ಅದನ್ನು ನೀವು ಕಂಡಿರಾ?” ಎಂದು ಕೇಳಿದನು. “ಇಲ್ಲಪ್ಪಾ” ಅಂದೆನು. “ಹಾಗಾದರೆ ಕಂಡವರು ಯಾರು?” ಅಂದನು. ನನಗೆ ಉತ್ತರ ತೋಚಲಿಲ್ಲ. ಒಂಭತ್ತನೆಯ ಆಜ್ಞೆಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ನಾನೇ ಅದನ್ನು ಹೆಬ್ಬೆರಳಿನಿಂದ ಮೀರಿದ್ದೆನು. ಸಂದೇಶವನ್ನು ಅಳಿಸಿ ಸಭೆಯ ಮುಂದೆ ತಪ್ಪೊಪ್ಪಿಕೊಂಡೆನು. ಅಷ್ಟರೊಳಗೆ ಅದು ಎಷ್ಟು ಮನೆಗಳಿಗೆ ಹೋಗಿತ್ತೋ ಕರ್ತನೇ ಬಲ್ಲನು.

ಸುಳ್ಳುಸುದ್ದಿಯ ಫಲ

ಇದು ಸಣ್ಣ ಪಾಪವೆಂದು ಯಾರೂ ಎಣಿಸಬಾರದು. 2018ನೆಯ ಇಸವಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಗಾಳಿಸುದ್ದಿ ದೇಶದ ಅನೇಕ ಕಡೆಗಳಲ್ಲಿ ಹರಡಿತು. ಆ ವರುಷ ಜುಲೈ 13ರಂದು, ದಾರಿಯಲ್ಲಿ ಮಕ್ಕಳಿಗೆ ಮಿಠಾಯಿ ಕೊಟ್ಟಿದ್ದ ಪ್ರಯಾಣಿಕರನ್ನು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಜನರು ಕಳ್ಳರೆಂದು ಹೊಡೆದರು. ಹೈದರಾಬಾದಿನ ಒಬ್ಬ ತರುಣನು ಸತ್ತನು. ಆ ದಿನಗಳಲ್ಲಿ ಸುತ್ತಾಡಿದ ಒಂದು ವೀಡಿಯೋದಲ್ಲಿ ಇಬ್ಬರು ಮೋಟಾರ್ ಸೈಕಲಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವದನ್ನು ಜನರು ಕಂಡರು. ಅದು ನಿಜವಾಗಿ ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳನ್ನು ಜೋಪಾನಮಾಡಿರೆಂದು ಬುದ್ಧಿ ಹೇಳುವದಕ್ಕೆ ಮಾಡಿದ ಚಿತ್ರ. ಮಗುವನ್ನು ತಿರಿಗಿ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿಬಿಟ್ಟಿದ್ದರು. ಕಣ್ಣಾರೆ ಕಂಡ ಚಿತ್ರವೂ ಸುಳ್ಳು ಹೇಳಬಹುದೆಂದು ಇದರಿಂದ ತಿಳಿಯತಕ್ಕದ್ದು.

ಬೆರೋಯದವರ ಮಾದರಿ

ಪರೀಕ್ಷಿಸುವದು ಅವಿಶ್ವಾಸದ ಗುರುತಲ್ಲವೋ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಬೆರೋಯದವರು ಪೌಲನ ಮಾತನ್ನೇ ಶಾಸ್ತ್ರದೊಡನೆ ಹೋಲಿಸಿ ನೋಡಿದರು. ಅದಕ್ಕಾಗಿ ಅವರಿಗೆ ಗದರಿಕೆಯಲ್ಲ, ಹೊಗಳಿಕೆ ದೊರಕಿತು. ಅಪೊಸ್ತಲನ ಮಾತನ್ನು ಪರೀಕ್ಷಿಸಬಹುದಾದರೆ, ಹೆಸರಿಲ್ಲದವನ ಮಾತನ್ನು ಪರೀಕ್ಷಿಸದೆ ನಂಬುವದು ಹೇಗೆ?

ಮಕ್ಕಳಿಗೆ ಕಲಿಸತಕ್ಕ ನಾಲ್ಕು ಪ್ರಶ್ನೆಗಳು

1. ಹೇಳಿದವರು ಯಾರು? ಬಾಸೆಲ್ ಮಿಶನಿನ ಮೋಗ್ಲಿಂಗ್ ಅಯ್ಯನವರು 1843ನೆಯ ಇಸವಿ ಜುಲೈ 1ರಂದು ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಪತ್ರಿಕೆಗೆ ಸಂಪಾದಕರುಂಟು, ತಪ್ಪು ಬರೆದರೆ ಹೋಗಿ ಕೇಳಬಹುದು. ಹೆಸರಿಲ್ಲದ ಸಂದೇಶಕ್ಕೆ ಉತ್ತರ ಕೊಡುವವರು ಯಾರು?

2. ಇದು ಎಲ್ಲಿ, ಯಾವಾಗ ನಡೆಯಿತು? ಹಳೆಯ ಚಿತ್ರಕ್ಕೆ ಹೊಸ ಊರಿನ ಹೆಸರು ಕಟ್ಟುವದು ಸುಲಭ. ಅಂಗಡಿಯ ಫಲಕದ ಭಾಷೆ, ಗಾಡಿಯ ನಂಬರು, ಜನರ ಉಡುಪು ಇವುಗಳನ್ನು ನೋಡಲು ಮಕ್ಕಳಿಗೆ ಕಲಿಸಿರಿ.

3. ಬೇರೆ ಸಾಕ್ಷಿಯುಂಟೋ? ಎರಡು ಮೂರು ಸಾಕ್ಷಿಗಳು ಬೇಕೆಂಬದು ಮೋಶೆಯ ಧರ್ಮಶಾಸ್ತ್ರದ ವಿಧಿ. ಆದರೆ ಒಂದೇ ಸಂದೇಶವು ಹತ್ತು ಜನರಿಂದ ಬಂದರೆ ಹತ್ತು ಸಾಕ್ಷಿಗಳಾಗುವದಿಲ್ಲ. ವಾಟ್ಸಾಪಿನಲ್ಲಿ ಜೋಡಿ ಬಾಣದ ಗುರುತಿದ್ದರೆ ಆ ಸಂದೇಶವು ಕಡಮೆಯೆಂದರೆ ಐದು ಕೈ ದಾಟಿ ಬಂದದ್ದೆಂದು ತಿಳಿಯಿರಿ.

4. ಇದು ನನ್ನಲ್ಲಿ ಏನನ್ನು ಹುಟ್ಟಿಸಿತು? ಭಯವನ್ನಾಗಲಿ, ನೆರೆಯ ಜಾತಿಮತದವರ ಮೇಲೆ ಸಿಟ್ಟನ್ನಾಗಲಿ ಹುಟ್ಟಿಸಿದರೆ, ಕಳುಹಿಸದೆ ಒಂದು ರಾತ್ರಿ ಕಾಯಿರಿ. ಈಗಲೇ ಅಪಾಯವೆಂದು ತೋರಿದರೆ 112 ನಂಬರಿಗೆ ಕರೆಮಾಡಿರಿ, ಗುಂಪಿಗೆ ಹೇಳಬೇಡಿರಿ.

ಉಪಾಧ್ಯಾಯರಿಗೆ

ಹತ್ತು ಮಕ್ಕಳನ್ನು ಸಾಲಾಗಿ ಕೂರಿಸಿ, ಒಂದು ವರ್ತಮಾನವನ್ನು ಕಾಗದದಲ್ಲಿ ಬರೆದಿಟ್ಟು, ಮೊದಲನೆಯವನ ಕಿವಿಯಲ್ಲಿ ಹೇಳಿರಿ. ಅದು ಕಿವಿಯಿಂದ ಕಿವಿಗೆ ಹೋಗಲಿ. ಕೊನೆಯವನು ಹೇಳಿದ್ದನ್ನು ಕಾಗದದೊಡನೆ ಹೋಲಿಸಿದರೆ ಮಕ್ಕಳು ನಗುವರು. ನಕ್ಕ ಮೇಲೆ ಮುರ್ಕಿಯ ಸಂಗತಿಯನ್ನು ತಿಳಿಸಿರಿ. ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಸುಮಾರು 150 ಸರಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳುಸುದ್ದಿಯನ್ನು ಗುರುತಿಸುವ ಪಾಠಗಳನ್ನು ಕಲಿಸಿದರು. ಸತ್ಯವೇದವು ಕೈಯಲ್ಲಿರುವ ನಾವು ಹಿಂದುಳಿಯಬಹುದೋ?

ಅನೇಕ ಮನೆಗಳಲ್ಲಿ ತಂದೆತಾಯಿಗಳ ಮೊಬೈಲನ್ನು ಓದಿ ಹೇಳುವವರು ಮಕ್ಕಳೇ. ಆದಕಾರಣ ಅವರಿಗೆ ಕಲಿಸಿದರೆ ಮನೆಗೇ ಕಲಿಸಿದಂತಾಯಿತು. ಮಗುವು “ಕಂಡವರು ಯಾರು?” ಎಂದು ಕೇಳಿದಾಗ ಹಿರಿಯರು ಸಿಟ್ಟಾಗದಿರಲಿ.

ಪ್ರಾರ್ಥನೆ: ಸತ್ಯಸ್ವರೂಪನಾದ ಕರ್ತನೇ, ನಮ್ಮ ನಾಲಿಗೆಯನ್ನೂ ಬೆರಳನ್ನೂ ಕಾಯಿ, ನೆರೆಯವನ ಪ್ರಾಣವು ನಮ್ಮ ಅವಸರದಿಂದ ಹೋಗದಂತೆ ನಮಗೆ ವಿವೇಕವನ್ನು ದಯಪಾಲಿಸು. ಆಮೆನ್.