ಟಾಕ್‌ಬ್ಯಾಕ್ ಜೊತೆಗೆ ಲೈವ್ ಕಾಮೆಂಟರಿ: ಕೇಳುವ ಬಗೆ

ಟಿ.ವಿ. ಕಾಮೆಂಟರಿ ನೋಡುವವರಿಗಾಗಿ ಇರುವಂಥದ್ದು. ಚೆಂಡು ಮೇಲೆ ಹಾರಿದಾಗ ಟಿ.ವಿ. ಕಾಮೆಂಟೇಟರ್‌ಗಳು ಸುಮ್ಮನಾಗುತ್ತಾರೆ, ಉಳಿದದ್ದನ್ನು ಪರದೆ ತೋರಿಸುತ್ತದೆ. ರೇಡಿಯೊದವರು ಹಾಗೆ ಸುಮ್ಮನಿರುವಂತಿಲ್ಲ. ಬೌಲರ್ ಯಾವ ತುದಿಯಿಂದ ಬಂದ, ಚೆಂಡು ಎಲ್ಲಿ ಬಿತ್ತು, ಅದರ ಹಿಂದೆ ಯಾರು ಓಡಿದರು, ಎಲ್ಲವನ್ನೂ ಹೇಳಲೇಬೇಕು. ಆದ್ದರಿಂದ ಯಾದಗಿರಿ, ಶಹಾಪುರ, ಸುರಪುರದ ದೃಷ್ಟಿಹೀನ ಕ್ರಿಕೆಟ್ ಪ್ರೇಮಿಗಳಿಗೆ ನನ್ನ ಮೊದಲ ಸಲಹೆ: ಆಕಾಶವಾಣಿಯ ಕಾಮೆಂಟರಿ ಸಿಗುವ ದಿನ ಅದನ್ನೇ ಹಿಡಿಯಿರಿ. ಅದು ಬರುವುದು ಹಿಂದಿ, ಇಂಗ್ಲಿಷ್‌ನಲ್ಲಿ. ಈ ಭಾಗದ, ಅಂದರೆ ಸಗರನಾಡಿನ ಕಿವಿಗೆ ಹಿಂದಿ ಹೊಸದೇನಲ್ಲ.

ತಯಾರಿಯನ್ನು ಪಂದ್ಯದ ಹಿಂದಿನ ದಿನವೇ ಮುಗಿಸಿ. ಆಂಡ್ರಾಯ್ಡ್ ಫೋನಿನ ಎರಡೂ ವಾಲ್ಯೂಮ್ ಗುಂಡಿಗಳನ್ನು ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಶುರುವಾಗುತ್ತದೆ. ಆಗದಿದ್ದರೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಒಮ್ಮೆ ಆನ್ ಮಾಡಿಸಿಕೊಳ್ಳಿ. ಟೆಕ್ಸ್ಟ್ ಟು ಸ್ಪೀಚ್‌ಗೆ ಹೋಗಿ ಕನ್ನಡ ಧ್ವನಿಯನ್ನೂ ಇಳಿಸಿಕೊಳ್ಳಿ. ಬಳಿಕ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಂಡು, ಒಂದು ಬೆರಳನ್ನು ಬಲಕ್ಕೆ ಸರಿಸುತ್ತ ಒಂದೊಂದೇ ಹೆಸರು ಕೇಳಿ. ಬೇಕಾದ ಕೇಂದ್ರ ಬಂದಾಗ ಎರಡು ಸಲ ತಟ್ಟಿ. ಪಂದ್ಯದ ಹೊತ್ತಿಗೆ ಅಲ್ಲಿ ಬೇರೆ ಕಾರ್ಯಕ್ರಮ ಬರುತ್ತಿದ್ದರೆ ಹುಡುಕುತ್ತ ಕೂರಬೇಡಿ, ಮನೆಯ ರೇಡಿಯೊ ಸೆಟ್ ಹಚ್ಚಿ.

ನಿಜವಾದ ತಾಪತ್ರಯ ಎರಡು ದನಿಗಳ ಜಗಳ. ಕೊನೆಯ ಓವರ್‌ನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಬಂತೆಂದರೆ ಟಾಕ್‌ಬ್ಯಾಕ್ ಅದನ್ನು ಓದತೊಡಗುತ್ತದೆ, ವಿಕೆಟ್ ಬಿದ್ದದ್ದು ಕೇಳಿಸುವುದೇ ಇಲ್ಲ. ಹಾಗಾಗಿ ಪಂದ್ಯ ಶುರುವಾಗುವ ಮೊದಲೇ ‘ಡು ನಾಟ್ ಡಿಸ್ಟರ್ಬ್’ ಹಾಕಿಡಿ. ಟಾಕ್‌ಬ್ಯಾಕ್ ದನಿಗೂ ಕಾಮೆಂಟರಿಯ ದನಿಗೂ ವಾಲ್ಯೂಮ್ ಪಟ್ಟಿಯಲ್ಲಿ ಬೇರೆ ಬೇರೆ ನಿಯಂತ್ರಣ ಇದೆ. ಮೊದಲನೆಯದನ್ನು ತುಸು ಇಳಿಸಿ. ಓದುತ್ತಿರುವುದನ್ನು ತಕ್ಷಣ ನಿಲ್ಲಿಸಲು ಎರಡು ಬೆರಳಿಂದ ಒಮ್ಮೆ ತಟ್ಟಿದರೆ ಸಾಕು. ಎರಡು ಬೆರಳಿಂದ ಎರಡು ಸಲ ತಟ್ಟಿದರೆ ಕಾಮೆಂಟರಿಯೇ ನಿಲ್ಲುತ್ತದೆ, ಮತ್ತೆ ತಟ್ಟಿದರೆ ಶುರುವಾಗುತ್ತದೆ. ಹೊಸ ಫೋನುಗಳಲ್ಲಿ ಈ ಸನ್ನೆಗಳು ಕೆಲಸ ಮಾಡುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಬಳಸುವವರು ಕಂಟ್ರೋಲ್ ಕೀಲಿ ಒತ್ತಿದರೆ ಅದರ ಮಾತು ನಿಲ್ಲುತ್ತದೆ.

ಕನ್ನಡದಲ್ಲೇ ಬೇಕೆಂದರೆ ಐಪಿಎಲ್‌ಗೆ ಜಿಯೊಹಾಟ್‌ಸ್ಟಾರ್ ಇದೆ. ವಿಡಿಯೊ ಶುರುವಾದ ಮೇಲೆ ಭಾಷೆಯ ಗುಂಡಿ ತಾನಾಗಿಯೇ ಮರೆಯಾಗುತ್ತದೆ. ಪರದೆಯ ನಡುವೆ ಎರಡು ಸಲ ತಟ್ಟಿ, ತಡಮಾಡದೆ ಬೆರಳು ಸರಿಸಿ ಹುಡುಕಬೇಕು. ಇದನ್ನು ಟಾಸ್‌ಗೆ ಮುಂಚೆಯೇ ಮಾಡಿಕೊಳ್ಳಿ. ಡೇಟಾ ಉಳಿಸಲು ವಿಡಿಯೊದ ಗುಣಮಟ್ಟವನ್ನು ಅತಿ ಕಡಿಮೆಗೆ ಇಳಿಸಿ. ರೇಡಿಯೊ ಆ್ಯಪ್‌ನಂಥ ಬರೀ ಆಡಿಯೊ ಸೆಕೆಂಡಿಗೆ 64 ಕಿಲೋಬಿಟ್ ಇದ್ದರೆ ಗಂಟೆಗೆ ಸುಮಾರು 29 ಎಂಬಿ ಮಾತ್ರ; ಟಿ20 ಪಂದ್ಯವೊಂದು 120 ಎಂಬಿಯೊಳಗೆ ಮುಗಿಯುತ್ತದೆ. ಸಿಗ್ನಲ್ ಮಂದವಾಗಿರುವ ಊರುಗಳಲ್ಲಿ ಇದು ದೊಡ್ಡ ಅನುಕೂಲ. ಯೂಟ್ಯೂಬ್‌ನಲ್ಲಿ ಕೇಳುವುದಾದರೆ, ಹಣ ಕಟ್ಟದ ಖಾತೆಯಲ್ಲಿ ಪರದೆ ಆರಿಸಿದೊಡನೆ ದನಿಯೂ ನಿಲ್ಲುತ್ತದೆ ಎಂಬುದು ಗೊತ್ತಿರಲಿ.

ಆನ್‌ಲೈನ್ ಪ್ರಸಾರ ಮೈದಾನಕ್ಕಿಂತ ಹಿಂದೆ ಓಡುತ್ತದೆ. ಪಕ್ಕದ ಮನೆಯವರು ಮೊದಲು ಕೂಗಿದರೆ ನಿಮ್ಮ ಫೋನ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಕಿವಿಯಿಂದ ಹಿಡಿಯುವ ಕ್ರಿಕೆಟ್ ಅರ್ಧ ಕ್ರಿಕೆಟ್ ಅಲ್ಲ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ನಾಯಕತ್ವದಲ್ಲಿ ಭಾರತದ ಅಂಧರ ತಂಡ 2012ರಲ್ಲಿ ಬೆಂಗಳೂರಿನಲ್ಲಿ ಟಿ20 ವಿಶ್ವಕಪ್ ಗೆದ್ದದ್ದು ಗಲಗಲ ಸದ್ದು ಮಾಡುವ ಚೆಂಡಿನಿಂದಲೇ.

ಕೇಳುವ ದಾರಿಯಲ್ಲಿ ಇನ್ನೊಂದು ಅಡ್ಡಿ ಇದೆ: ಕೆಲವು ಆ್ಯಪ್‌ಗಳಲ್ಲಿ ಗುಂಡಿಗೆ ಹೆಸರೇ ಇರುವುದಿಲ್ಲ, ಟಾಕ್‌ಬ್ಯಾಕ್ ಬರೀ ‘ಬಟನ್’ ಎನ್ನುತ್ತದೆ. ಮೂರು ಬೆರಳಿಂದ ತಟ್ಟಿದರೆ ಬರುವ ಮೆನುವಿನಲ್ಲಿ ಅಂಥ ಕೆಲವು ಗುಂಡಿಗಳಿಗೆ ನೀವೇ ಹೆಸರು ಕೊಡಬಹುದು. ಅಷ್ಟಕ್ಕೇ ಬಿಡಬೇಡಿ. ಡಿಜಿಟಲ್ ಸೇವೆ ಎಲ್ಲರಿಗೂ ಎಟುಕುವುದು ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಯಾವ ಪುಟದ ಯಾವ ಗುಂಡಿ ಓದುತ್ತಿಲ್ಲ ಎಂಬುದನ್ನು ಆ ಆ್ಯಪ್‌ನ ಫೀಡ್‌ಬ್ಯಾಕ್‌ನಲ್ಲಿ ಕನ್ನಡದಲ್ಲೇ ಬರೆದು ಕಳಿಸಿ. ಕಣ್ಣು ಕಾಣುವ ಗೆಳೆಯರೂ ಹಾಗೇ ಬರೆಯಲಿ.